ಪಥ್ಯದ ಚಹಾಕೂಟ ಮತ್ತು ಪರೋಪಕಾರ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

“ಊಟ ಬಲ್ಲವನಿಗೆ ರೋಗವಿಲ್ಲ” ಎಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳಿದ್ದೇವೆ. ಉಣ್ಣುವವನು ಬಲ್ಲವನಾದರೆ ಸಾಲದು, ಉಣಬಡಿಸುವವನೂ ಬಲ್ಲವನಾಗಿರಬೇಕು ಎಂಬ ಇನ್ನೊಂದು ಮಾತನ್ನು ಅದರ ಜೊತೆಗೆ ಸೇರಿಸಿಕೊಳ್ಳಬೇಕೆಂದು ನನಗೆ ತೋರುತ್ತದೆ. ಇಂಗ್ಲೆಂಡಿನಲ್ಲಿ ಧರ್ಮಕಾರ್ಯಗಳಿಗೆ ಹಣ ಕೂಡಿಸುವುದಕ್ಕಾಗಿ ಅಪರಾಹ್ನದ ಚಹಾಕೂಟವನ್ನು ಏರ್ಪಡಿಸುವ ಪದ್ಧತಿಯುಂಟು. ಈಚೀಚೆಗೆ ಇಂಥ ಕೂಟಗಳಿಗೆ ಗೋಧಿಯನ್ನು ಮುಟ್ಟಬಾರದವರೂ ಬರುತ್ತಾರೆ. ‘ಪ್ಯಾಲಿಯೊ’ ಎಂಬ ಪಥ್ಯವನ್ನು ಹಿಡಿದು ಧಾನ್ಯವನ್ನೇ ತ್ಯಜಿಸಿದವರೂ ಬರುತ್ತಾರೆ. ಇವರಿಬ್ಬರನ್ನೂ ಒಂದೇ ಮೇಜಿನಲ್ಲಿ ಕುಳ್ಳಿರಿಸಿ ಸತ್ಕರಿಸುವುದು ಹೇಗೆ? ಐಚ್ಛಿಕ ಇಂಗ್ಲಿಷಿನ ವಿಚಾರಗೋಷ್ಠಿಗೆ ‘ಇಂಗ್ಲಿಷರ ಊಟೋಪಚಾರ’ ಎಂಬ ವಿಷಯವನ್ನು ಆರಿಸಿಕೊಂಡಾಗ ಈ ಪ್ರಶ್ನೆ ನನ್ನೆದುರು ಬಂದಿತು. ಮೇಲ್ನೋಟಕ್ಕೆ ಇದು ಉಳ್ಳವರ ವಿಲಾಸದ ಮಾತು. ಒಳಹೊಕ್ಕು ನೋಡಿದರೆ ದಾನವೆಂದರೇನು, ಅತಿಥಿಯೆಂದರೆ ಯಾರು ಎಂಬ ಹಳೆಯ ಪ್ರಶ್ನೆಗಳೇ ಇದರಲ್ಲಿ ಅಡಗಿವೆ.

ಚಹಾಕೂಟದ ಹುಟ್ಟು

ಅಪರಾಹ್ನದ ಚಹಾಕೂಟವು ಬಹಳ ಪುರಾತನವಾದುದೇನೂ ಅಲ್ಲ. ಬೆಡ್‌ಫರ್ಡಿನ ಏಳನೆಯ ಡ್ಯೂಕನ ಪತ್ನಿ ಅನ್ನಾ ಎಂಬಾಕೆ ಸುಮಾರು 1840ರಲ್ಲಿ ಇದನ್ನು ರೂಢಿಗೆ ತಂದಳೆಂದು ಪ್ರತೀತಿ. ಆ ಕಾಲದ ಸಿರಿವಂತರ ಮನೆಗಳಲ್ಲಿ ರಾತ್ರಿಯ ಊಟ ಎಂಟು ಗಂಟೆಯವರೆಗೂ ತಡವಾಗುತ್ತಿತ್ತು. ನಡುಹಗಲಿನ ಅಲ್ಪಾಹಾರಕ್ಕೂ ರಾತ್ರಿಯ ಭೋಜನಕ್ಕೂ ನಡುವೆ ಹೊಟ್ಟೆ ಚುರುಗುಟ್ಟುತ್ತಿದ್ದುದರಿಂದ ಆಕೆ ತನ್ನ ಕೋಣೆಗೆ ಚಹಾ, ಬ್ರೆಡ್ಡು, ಬೆಣ್ಣೆಗಳನ್ನು ತರಿಸಿಕೊಳ್ಳುತ್ತಿದ್ದಳಂತೆ. ಕ್ರಮೇಣ ಗೆಳತಿಯರನ್ನೂ ಕರೆಯತೊಡಗಿದಳು. ಮುಂದೆ ಇದೇ ಒಂದು ಆಚಾರವಾಯಿತು: ಮೂರು ಅಂತಸ್ತಿನ ತಟ್ಟೆಯಲ್ಲಿ ಕೆಳಗೆ ಸ್ಯಾಂಡ್‌ವಿಚ್ಚು, ನಡುವೆ ಸ್ಕೋನ್ ಎಂಬ ಮೆತ್ತನೆಯ ರೊಟ್ಟಿ, ಮೇಲೆ ಕೇಕು. ಇದನ್ನು ‘ಹೈ ಟೀ’ ಎಂದು ಕರೆಯುವುದು ಸರಿಯಲ್ಲ. ಹೈ ಟೀ ಎಂಬುದು ಕಾರ್ಖಾನೆಯ ಕೆಲಸಗಾರರು ದಿನದ ದುಡಿಮೆ ಮುಗಿಸಿ ಬಂದು ಊಟದ ಎತ್ತರದ ಮೇಜಿನಲ್ಲಿ ಕುಳಿತು ಮಾಡುತ್ತಿದ್ದ ಗಟ್ಟಿ ಊಟ.

ಪರೋಪಕಾರಕ್ಕೂ ಚಹಾಕ್ಕೂ ಗಂಟುಬಿದ್ದುದು ಸಿರಿವಂತರ ಕೋಣೆಯಲ್ಲಲ್ಲ. 1830ರ ದಶಕದಲ್ಲಿ ಮದ್ಯಪಾನ ವಿರೋಧಿ ಸಂಘಗಳವರು ಹೆಂಡದಂಗಡಿಗೆ ಬದಲಾಗಿ ದೊಡ್ಡ ದೊಡ್ಡ ಸಭಾಂಗಣಗಳಲ್ಲಿ ಚಹಾಕೂಟಗಳನ್ನು ನಡೆಸಿದರು. ಟಿಕೆಟು ಕೊಂಡವರಿಗೆ ಚಹಾ, ತಿಂಡಿ, ಉಪನ್ಯಾಸ. ಉಳಿದ ಹಣ ಸಂಘದ ಕೆಲಸಕ್ಕೆ. ಇಂದಿಗೂ ಬ್ರಿಟನ್ನಿನ ಚರ್ಚುಗಳ ಹಾಗೂ ಹಳ್ಳಿಗಳ ಸಭಾಂಗಣಗಳಲ್ಲಿ ಈ ಕ್ರಮ ಮುಂದುವರಿದಿದೆ. ಕ್ಯಾನ್ಸರ್ ರೋಗಿಗಳ ನೆರವಿಗೆ ದುಡಿಯುವ ಮ್ಯಾಕ್‌ಮಿಲನ್ ಸಂಸ್ಥೆಗಾಗಿ ಮನೆಮನೆಗಳಲ್ಲಿ ‘ಕಾಫಿಯ ಬೆಳಗು’ ನಡೆಸುವ ಪದ್ಧತಿ 1990ರ ಸುಮಾರಿಗೆ ಆರಂಭವಾಗಿ ಈಗ ದೇಶವ್ಯಾಪಿಯಾಗಿದೆ.

ಇಲ್ಲಿ ಇನ್ನೊಂದು ಸ್ವಾರಸ್ಯದ ಸಂಗತಿಯನ್ನು ಹೇಳಬೇಕು. ಬರ್ಮಿಂಗ್‌ಹ್ಯಾಮಿನ ಔಷಧಿ ವ್ಯಾಪಾರಿ ಆಲ್ಫ್ರೆಡ್ ಬರ್ಡ್ ಎಂಬವನ ಹೆಂಡತಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಯೀಸ್ಟೂ ಒಗ್ಗುತ್ತಿರಲಿಲ್ಲ. ಆಕೆಗಾಗಿ ಅವನು 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ, 1843ರಲ್ಲಿ ಯೀಸ್ಟಿಲ್ಲದೆ ಹಿಟ್ಟನ್ನು ಉಬ್ಬಿಸುವ ಬೇಕಿಂಗ್ ಪೌಡರನ್ನೂ ಸಿದ್ಧಪಡಿಸಿದನು. ಈಗ ಸ್ಕೋನೂ ಕೇಕೂ ಉಬ್ಬುವುದು ಈ ಬಗೆಯ ಪುಡಿಯಿಂದಲೇ. ಒಬ್ಬಳ ದೇಹಕ್ಕೆ ಒಗ್ಗುವಂತೆ ಅಡುಗೆಯನ್ನು ತಿದ್ದಿದ್ದರಿಂದ ಇಡೀ ದೇಶದ ಚಹಾದ ಮೇಜಿಗೆ ಲಾಭವಾಯಿತು. ಪಥ್ಯದ ಅತಿಥಿಗಳು ಬಂದು ನಮ್ಮ ಸಂಪ್ರದಾಯವನ್ನು ಕೆಡಿಸಿದರೆಂದು ಗೊಣಗುವವರು ಇದನ್ನು ಮರೆಯಬಾರದು.

ಗ್ಲೂಟೆನ್ ಎಂದರೇನು?

ಹೋಳಿಗೆ ಮಾಡುವವರಿಗೆ ಗ್ಲೂಟೆನ್ನಿನ ಗುಣವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಮೈದಾ ಅಥವಾ ಚಿರೋಟಿ ರವೆಯ ಕಣಕವನ್ನು ನಾದಿ ಎಣ್ಣೆಯಲ್ಲಿ ನೆನೆಯಿಟ್ಟರೆ ಅದು ಹರಿಯದೆ ಹಿಗ್ಗುತ್ತದೆ. ಹೂರಣವನ್ನು ಒಳಗಿಟ್ಟುಕೊಂಡು ತೆಳ್ಳಗೆ ಹರಡುತ್ತದೆ. ರಾಗಿಹಿಟ್ಟಿಗೆ ಈ ಗುಣವಿಲ್ಲ. ಆದುದರಿಂದಲೇ ರಾಗಿರೊಟ್ಟಿಯನ್ನು ಕೈಯಲ್ಲಿ ತಟ್ಟಬೇಕಾಗುತ್ತದೆ. ಗೋಧಿಹಿಟ್ಟಿನಲ್ಲಿರುವ ಪ್ರೋಟೀನುಗಳು ನೀರು ಸೇರಿ ನಾದಿದಾಗ ಬಲೆಯಂತೆ ಹೆಣೆದುಕೊಳ್ಳುತ್ತವೆ. ಈ ಬಲೆಯೇ ಗ್ಲೂಟೆನ್. ಬ್ರೆಡ್ಡು ಉಬ್ಬುವಾಗ ಗಾಳಿಯನ್ನು ಹಿಡಿದಿಡುವುದೂ ಇದೇ. ಇಟಲಿಯ ಬೊಲೋನ್ಯದ ವಿದ್ವಾಂಸ ಬೆಕಾರಿ ಎಂಬವನು ಗೋಧಿಹಿಟ್ಟನ್ನು ನೀರಿನಲ್ಲಿ ತೊಳೆದು ಅಂಟಾದ ಈ ವಸ್ತುವನ್ನು ಬೇರ್ಪಡಿಸಿದ ವಿಚಾರ 1745ರಲ್ಲಿ ಪ್ರಕಟವಾಯಿತು. ಈ ಪ್ರಯೋಗವನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿ ನೋಡಬಹುದು. ಮೈದಾ ಉಂಡೆಯನ್ನು ನೀರಿನಲ್ಲಿ ಹಿಸುಕುತ್ತ ಹೋದರೆ ಬಿಳಿಯ ಪಿಷ್ಟವೆಲ್ಲ ಕರಗಿ ಹೋಗಿ ರಬ್ಬರಿನಂಥ ಮುದ್ದೆಯೊಂದು ಕೈಯಲ್ಲಿ ಉಳಿಯುತ್ತದೆ.

ಗೋಧಿ, ಬಾರ್ಲಿ, ರೈ ಎಂಬ ಮೂರು ಧಾನ್ಯಗಳ ಈ ಬಗೆಯ ಪ್ರೋಟೀನು ಕೆಲವರ ದೇಹಕ್ಕೆ ಶತ್ರು. ಅದು ಒಳಗೆ ಹೋದೊಡನೆ ಅವರ ದೇಹದ ರಕ್ಷಣಾಶಕ್ತಿಯು ತಮ್ಮ ಸಣ್ಣಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಆಹಾರದ ಸಾರವನ್ನು ಹೀರುವ, ಕೂದಲೆಳೆಯಂಥ ಕುಚ್ಚುಗಳು ಅಲ್ಲಿ ಸವೆದುಹೋಗುತ್ತವೆ. ಉಂಡರೂ ಮೈಗೆ ಹತ್ತುವುದಿಲ್ಲ. ರಕ್ತಹೀನತೆ, ಭೇದಿ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ ಮೊದಲಾದವು ಕಾಣಿಸಿಕೊಳ್ಳುತ್ತವೆ. ಇದೇ ಸೀಲಿಯಾಕ್ ರೋಗ. ಜಗತ್ತಿನಲ್ಲಿ ಸುಮಾರು ನೂರಕ್ಕೆ ಒಬ್ಬರಿಗೆ ಇದು ಇದೆಯೆಂದು ಅಂದಾಜು. ನಮ್ಮ ದೇಶದಲ್ಲಿ ಗೋಧಿ ಉಣ್ಣುವ ಉತ್ತರದಲ್ಲಿ ಹೆಚ್ಚಾಗಿಯೂ ದಕ್ಷಿಣದಲ್ಲಿ ಬಹಳ ಕಡಿಮೆಯಾಗಿಯೂ ಇದೆಯೆಂದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ತಿಳಿಸಿತು.

ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1887ರ ಉಪನ್ಯಾಸವೊಂದರಲ್ಲಿ ಈ ರೋಗವನ್ನು ವಿವರಿಸಿ, ಗುಣವಾಗುವುದಿದ್ದರೆ ಆಹಾರದಿಂದಲೇ ಆಗಬೇಕೆಂದು ಸೂಚಿಸಿದನು. ಆದರೆ ಯಾವ ಆಹಾರವೆಂಬುದು ತಿಳಿಯಲು ಇನ್ನೂ ಅರವತ್ತು ವರ್ಷಗಳು ಬೇಕಾದವು. ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಗೆ ಗೋಧಿಯ ಮೇಲೆ ಮೊದಲೇ ಅನುಮಾನವಿದ್ದಿತು. ಎರಡನೆಯ ಮಹಾಯುದ್ಧದ ಕೊನೆಗೆ, 1944–45ರ ಚಳಿಗಾಲದಲ್ಲಿ, ಆ ದೇಶಕ್ಕೆ ಘೋರ ಕ್ಷಾಮ ತಟ್ಟಿತು. ಬ್ರೆಡ್ಡು ಸಿಗದ ಆ ದಿನಗಳಲ್ಲಿ ಊರೆಲ್ಲ ಬಡವಾಗುತ್ತಿದ್ದರೆ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಬ್ರೆಡ್ಡು ಮತ್ತೆ ಬಂದಾಗ ಪುನಃ ಹಾಸಿಗೆ ಹಿಡಿದರು. ಡಿಕ್ಕೆ 1950ರಲ್ಲಿ ತನ್ನ ಪ್ರಬಂಧದಲ್ಲಿ ಗೋಧಿಯೇ ಕಾರಣವೆಂದು ಸ್ಥಾಪಿಸಿದನು. ಹಸಿದ ಊರಿಗೆಲ್ಲ ಪ್ರಾಣದಾನವಾದ ರೊಟ್ಟಿ ಅದೇ ಊರಿನ ಒಂದು ಮಗುವಿಗೆ ವಿಷವಾಯಿತು. ದಾನ ಮಾಡುವವರು ನೆನಪಿಡಬೇಕಾದ ಸಂಗತಿ ಇದಕ್ಕಿಂತ ಬೇರೊಂದಿಲ್ಲ.

ಶಿಲಾಯುಗದ ಪಥ್ಯ

ಪ್ಯಾಲಿಯೊ ಎಂಬುದು ಪ್ರಾಚೀನ ಶಿಲಾಯುಗವನ್ನು ಸೂಚಿಸುವ ಹೆಸರು. ಮನುಷ್ಯನು ಬೇಸಾಯ ಕಲಿತದ್ದು ಸುಮಾರು 10,000 ವರ್ಷಗಳಿಂದೀಚೆಗೆ. ಅದಕ್ಕೆ ಹಿಂದಿನ ಲಕ್ಷಾಂತರ ವರ್ಷ ಅವನು ಬೇಟೆಯಾಡಿ, ಹಣ್ಣು ಗೆಡ್ಡೆ ಆಯ್ದು ಬದುಕಿದನು. ಆದುದರಿಂದ ನಮ್ಮ ದೇಹಕ್ಕೆ ಹೊಂದುವುದು ಆ ಆಹಾರವೇ ಎಂಬುದು ಈ ಪಂಥದ ವಾದ. ಅಮೆರಿಕೆಯ ವೈದ್ಯ ವೋಗ್ಟ್‌ಲಿನ್ 1975ರಲ್ಲಿ ಈ ಕುರಿತು ಪುಸ್ತಕ ಬರೆದನು. 1985ರಲ್ಲಿ ಈಟನ್ ಮತ್ತು ಕಾನರ್ ಎಂಬ ವಿದ್ವಾಂಸರು ವೈದ್ಯಪತ್ರಿಕೆಯೊಂದರಲ್ಲಿ ಇದನ್ನು ಚರ್ಚಿಸಿದರು. 2002ರಲ್ಲಿ ಬಂದ ಲೊರೆನ್ ಕಾರ್ಡೇನನ ಪುಸ್ತಕದಿಂದ ಜನಪ್ರಿಯವಾಯಿತು. ಇದರ ಪ್ರಕಾರ ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿಯಂಥ ಬೀಜಗಳು ಗ್ರಾಹ್ಯ. ಧಾನ್ಯ, ಬೇಳೆಕಾಳು, ಹಾಲು, ಸಕ್ಕರೆ ವರ್ಜ್ಯ. ಕಡಲೆಕಾಯಿಯೂ ಕಾಳಿನ ಜಾತಿಯಾದುದರಿಂದ ಅದಕ್ಕೂ ಪ್ರವೇಶವಿಲ್ಲ.

ಇತಿಹಾಸದ ವಿದ್ಯಾರ್ಥಿನಿಯಾಗಿ ನಾನು ಈ ವಾದವನ್ನು ಪೂರ್ತಿ ಒಪ್ಪಲಾರೆ. ಇಟಲಿ, ರಷ್ಯಾ, ಚೆಕ್ ದೇಶಗಳಲ್ಲಿ ದೊರೆತ ಸುಮಾರು 30,000 ವರ್ಷ ಹಳೆಯ ಅರೆಯುವ ಕಲ್ಲುಗಳ ಮೇಲೆ ಸಸ್ಯಗಳ ಪಿಷ್ಟದ ಕಣಗಳು ಅಂಟಿದ್ದುದು 2010ರಲ್ಲಿ ಬೆಳಕಿಗೆ ಬಂದಿತು. ಜೋರ್ಡಾನಿನಲ್ಲಿ 14,000 ವರ್ಷಕ್ಕೂ ಹಿಂದಿನ, ಎಂದರೆ ಬೇಸಾಯ ಹುಟ್ಟುವುದಕ್ಕೂ ಮೊದಲಿನ, ರೊಟ್ಟಿಯ ಕರಕಲಾದ ಚೂರುಗಳು ದೊರೆತ ಸಂಗತಿ 2018ರಲ್ಲಿ ಪ್ರಕಟವಾಯಿತು. ಶಿಲಾಯುಗದವನೂ ಸಿಕ್ಕಿದ್ದನ್ನು ಅರೆದು ಸುಟ್ಟು ತಿಂದವನೇ. ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಭತ್ತಕ್ಕೂ ಜಗಳ ಹತ್ತಿ ಶ್ರೀರಾಮನು ರಾಗಿಯ ಪರವಾಗಿ ತೀರ್ಪು ಕೊಡುತ್ತಾನಷ್ಟೆ, ಪ್ಯಾಲಿಯೊ ಮೇಜಿಗೆ ಈ ಇಬ್ಬರು ಬಂದರೆ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿಬಿಡುತ್ತಾರೆ!

ಈ ನಿಯಮಗಳನ್ನು ನಾನು ಮನೆಯಲ್ಲಿ ಓದಿ ಹೇಳಿದಾಗ ನಮ್ಮವ್ವ ಒಲೆಯ ಮುಂದಿನಿಂದಲೇ, “ಗೋದಿ ಇಲ್ಲ, ಹಾಲಿಲ್ಲ, ಸಕ್ರೆ ಇಲ್ಲ. ನಮ್ ಕಾಲ್ದಲ್ಲಿ ಇದ್ನ ಬಡತನ ಅಂತಿದ್ರು ಕಣವ್ವ” ಎಂದಳು. ಸೊಸೈಟಿ ಅಕ್ಕಿಯಿಂದ ಬೆಳೆದ ನಮ್ಮಂಥ ಮನೆಯವರಿಗೆ ಅನ್ನವನ್ನು ಬೇಡವೆನ್ನುವುದು ಒಂದು ಭಾಗ್ಯವೆಂದೇ ಕಾಣುತ್ತದೆ. ಆದರೂ ಅತಿಥಿಯ ವ್ರತವನ್ನು ಪರೀಕ್ಷಿಸುವುದು ಆತಿಥೇಯನ ಕೆಲಸವಲ್ಲ. ಏಕಾದಶಿಯ ಉಪವಾಸದವರಿಗೆ ನಾವು ತರ್ಕ ಹೇಳದೆ ಹಣ್ಣು ಕೊಡುವುದಿಲ್ಲವೆ?

ರೋಗಕ್ಕೂ ವ್ರತಕ್ಕೂ ಭೇದ

ಇಲ್ಲಿ ಒಂದು ಭೇದವನ್ನು ಮಾತ್ರ ಸ್ಪಷ್ಟವಾಗಿ ಅರಿತಿರಬೇಕು. ಪ್ಯಾಲಿಯೊ ಅತಿಥಿಯ ಕೇಕಿನಲ್ಲಿ ಒಂದು ಚಿಟಿಕೆ ಸಕ್ಕರೆ ಬಿದ್ದರೆ ಅವನ ವ್ರತಕ್ಕೆ ಭಂಗ ಬರಬಹುದು, ದೇಹಕ್ಕೆ ಅಪಾಯವಿಲ್ಲ. ಸೀಲಿಯಾಕ್ ಅತಿಥಿಯ ತಟ್ಟೆಗೆ ಬ್ರೆಡ್ಡಿನ ಪುಡಿ ಬಿದ್ದರೆ ಅವನು ಕಾಯಿಲೆ ಬೀಳುತ್ತಾನೆ. ಒಂದು ಕಿಲೋಗ್ರಾಂ ಆಹಾರದಲ್ಲಿ 20 ಮಿಲಿಗ್ರಾಂ ಗ್ಲೂಟೆನ್ ಮೀರಬಾರದೆಂಬುದು ಅಂತರರಾಷ್ಟ್ರೀಯ ನಿಯಮ. ನಮ್ಮ ದೇಶದಲ್ಲೂ ಇದೇ ಮಿತಿ. ಇಷ್ಟು ಕಣ್ಣಿಗೆ ಕಾಣುವ ಪ್ರಮಾಣವಲ್ಲ. “ಸ್ವಲ್ಪ ತಿಂದರೆ ಏನಾಗುತ್ತದೆ?” ಎಂದು ಉಪಚಾರ ಮಾಡುವುದು ನಮ್ಮಲ್ಲಿ ಪ್ರೀತಿಯ ಲಕ್ಷಣ. ಈ ಅತಿಥಿಯ ಮಟ್ಟಿಗೆ ಅದು ಕ್ರೌರ್ಯ.

ಗ್ಲೂಟೆನ್ ಬಿಡುವುದನ್ನು ಷೋಕಿಯಾಗಿ ಹಿಡಿದವರೂ ಇಂದು ಅನೇಕರಿದ್ದಾರೆ. ಅವರನ್ನು ಕಂಡ ಜನ ನಿಜವಾದ ರೋಗಿಯನ್ನೂ ಷೋಕಿಯವನೆಂದೇ ಎಣಿಸುವುದುಂಟು. ಇದು ರೋಗಿಗೆ ಆಗುವ ಎರಡನೆಯ ಅನ್ಯಾಯ. ಯಾರು ರೋಗಿ, ಯಾರು ಷೋಕಿ ಎಂದು ಬಾಗಿಲಲ್ಲಿ ವಿಚಾರಣೆ ನಡೆಸಲು ಬರುವಂತಿಲ್ಲ; ಆದುದರಿಂದ ಎಲ್ಲರನ್ನೂ ರೋಗಿಗಳೆಂದೇ ಭಾವಿಸಿ ಎಚ್ಚರಿಕೆಯಿಂದ ಅಡುಗೆ ಮಾಡುವುದೊಂದೇ ಮಾರ್ಗ.

ಕೂಟದ ಸಿದ್ಧತೆ

ಮೊದಲನೆಯದಾಗಿ, ತಿಂಡಿಗಳ ಆಯ್ಕೆ. ಅಕ್ಕಿಹಿಟ್ಟಿನ ಕೇಕು ಗ್ಲೂಟೆನ್ ಇಲ್ಲದ್ದು. ಆದರೆ ಅಕ್ಕಿಯೂ ಧಾನ್ಯವಾದುದರಿಂದ ಪ್ಯಾಲಿಯೊಗೆ ಸಲ್ಲದು. ಪ್ಯಾಲಿಯೊ ತಿಂಡಿಯಲ್ಲಾದರೋ ಧಾನ್ಯವೇ ಇಲ್ಲವಾದುದರಿಂದ ಅದರಲ್ಲಿ ಗೋಧಿಯೂ ಇರಲಾರದು. ಎಂದರೆ, ಇಡೀ ಮೇಜನ್ನು ಪ್ಯಾಲಿಯೊ ಕ್ರಮದಲ್ಲಿ ಸಿದ್ಧಪಡಿಸಿದರೆ ಇಬ್ಬರಿಗೂ ಒಂದೇ ತಟ್ಟೆಯಿಂದ ಬಡಿಸಬಹುದು. ಸೌತೆಕಾಯಿಯ ದಪ್ಪ ಬಿಲ್ಲೆಗಳ ಮೇಲೆ ಹೊಗೆಯಾಡಿಸಿದ ಸಾಮನ್ ಮೀನು ಅಥವಾ ಬೇಯಿಸಿದ ಮೊಟ್ಟೆ ಇಟ್ಟರೆ ಬ್ರೆಡ್ಡಿಲ್ಲದ ಸ್ಯಾಂಡ್‌ವಿಚ್ಚಾಯಿತು. ತೆಂಗಿನತುರಿ, ಮೊಟ್ಟೆಯ ಬಿಳಿ, ಜೇನುತುಪ್ಪ ಕಲಸಿ ಬೇಯಿಸಿದ ಉಂಡೆಗಳನ್ನಿಡಬಹುದು. ಸ್ಟ್ರಾಬೆರಿ ಮೊದಲಾದ ಹಣ್ಣುಗಳಿಗೆ ಕೆನೆಯ ಬದಲು ತೆಂಗಿನ ಗಟ್ಟಿಹಾಲು. ಚಹಾಕ್ಕೆ ಬಾದಾಮಿಯ ಹಾಲು. ಶಿಲಾಯುಗದವನು ಚಹಾ ಕುಡಿಯುತ್ತಿದ್ದನೆ ಎಂಬ ಪ್ರಶ್ನೆಯನ್ನು ಆ ಪಂಥದ ಹೆಚ್ಚಿನವರು ಎತ್ತುವುದಿಲ್ಲ!

ಕೇಕಿಗೆ 200 ಗ್ರಾಂ ಬಾದಾಮಿ ಪುಡಿ, ನಾಲ್ಕು ಮೊಟ್ಟೆ, ಅರ್ಧ ಬಟ್ಟಲು ಜೇನುತುಪ್ಪ, ಅರ್ಧ ಚಮಚ ಅಡುಗೆ ಸೋಡ ಸಾಕು. ಹಳದಿಯನ್ನು ಜೇನಿನೊಡನೆ ಕಲಸಿ ಪುಡಿಯನ್ನೂ ಸೋಡವನ್ನೂ ಸೇರಿಸಬೇಕು. ಬಿಳಿಯನ್ನು ಬೇರೆಯಾಗಿ ನೊರೆಬರುವಂತೆ ಕಡೆದು ಮೆಲ್ಲನೆ ಬೆರೆಸಿ, 175 ಡಿಗ್ರಿ ಸೆಂಟಿಗ್ರೇಡಿನಲ್ಲಿ ಸುಮಾರು ಅರ್ಧ ಗಂಟೆ ಬೇಯಿಸಬೇಕು. ಗ್ಲೂಟೆನ್ನಿನ ಬಲೆ ಮಾಡುತ್ತಿದ್ದ ಕೆಲಸವನ್ನು, ಎಂದರೆ ಗಾಳಿ ಹಿಡಿದಿಡುವುದನ್ನು, ಇಲ್ಲಿ ಮೊಟ್ಟೆಯ ನೊರೆ ಮಾಡುತ್ತದೆ.

ಎರಡನೆಯದಾಗಿ, ಅಡುಗೆಮನೆಯ ಶುದ್ಧಿ. ತಿಂಡಿಯಲ್ಲಿ ಗೋಧಿಯಿಲ್ಲವೆಂದ ಮಾತ್ರಕ್ಕೆ ಅದು ಸುರಕ್ಷಿತವಾಗುವುದಿಲ್ಲ. ಗೋಧಿಹಿಟ್ಟು ಜರಡಿ ಹಿಡಿದ ಕೋಣೆಯಲ್ಲಿ ಅದರ ಧೂಳು ಬಹಳ ಹೊತ್ತು ತೇಲುತ್ತಿರುತ್ತದೆ. ಮರದ ಸೌಟು, ಹೆಚ್ಚುವ ಹಲಗೆ, ಜರಡಿ, ಟೋಸ್ಟರ್ ಇವುಗಳ ಸಂದುಗಳಲ್ಲಿ ಹಳೆಯ ಹಿಟ್ಟು ಉಳಿದಿರುತ್ತದೆ. ಇವನ್ನು ಬೇರೆಯಾಗಿಯೇ ಇಡಬೇಕು. ಬ್ರೆಡ್ಡಿಗೆ ಸವರಿದ ಚಾಕುವನ್ನು ಜಾಮಿನ ಶೀಷೆಯೊಳಗೆ ಅದ್ದಿದರೆ ಆ ಶೀಷೆ ಕೆಟ್ಟಂತೆಯೆ. ಗೋಧಿಯ ತಿಂಡಿಗಳೂ ಇರುವ ಕೂಟವಾದರೆ ಗೋಧಿಯಿಲ್ಲದ್ದನ್ನು ಮೊದಲು ಮಾಡಿ ಮುಚ್ಚಿಟ್ಟು, ಬೇರೆ ಮೇಜಿನಲ್ಲಿ, ಬೇರೆ ಚಿಮಟದೊಡನೆ ಇಡಬೇಕು. ಮೂರಂತಸ್ತಿನ ತಟ್ಟೆಯ ಕೆಳಗಡೆ ಇಟ್ಟರೆ ಮೇಲಿನ ಪುಡಿ ಅದರ ಮೇಲೆ ಉದುರುತ್ತದೆ. ನಮ್ಮವರಲ್ಲಿ ಮಡಿಯೆಂಬ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟ ಚರಿತ್ರೆಯುಂಟು. ಇದು ಮನುಷ್ಯನನ್ನು ಹತ್ತಿರ ಕುಳ್ಳಿರಿಸಿಕೊಳ್ಳುವುದಕ್ಕಾಗಿ ಪಾತ್ರೆಗಳಿಗೆ ಮಾಡುವ ಮಡಿ.

ಮೂರನೆಯದಾಗಿ, ಚೀಟಿ ಅಂಟಿಸುವುದು. ಗೋಧಿಯ ಬದಲು ಬಾದಾಮಿ ಹಾಕಿದಾಗ ಬಾದಾಮಿ ಒಗ್ಗದ ಮೂರನೆಯ ಅತಿಥಿಗೆ ಅಪಾಯ ತಂದೊಡ್ಡಿರುತ್ತೇವೆ. ಬ್ರಿಟನ್ನಿನ ಆಹಾರ ನಿಯಮಗಳು ಇಂಥ 14 ಪದಾರ್ಥಗಳನ್ನು ಹೆಸರಿಸಿವೆ. ಬೀಜಗಳು, ಮೊಟ್ಟೆ, ಮೀನು, ಹಾಲು, ಗ್ಲೂಟೆನ್ ಇರುವ ಧಾನ್ಯಗಳು ಅವುಗಳಲ್ಲಿ ಸೇರಿವೆ. ಪ್ರತಿ ತಟ್ಟೆಯ ಮುಂದೆ ಅದರಲ್ಲೇನಿದೆಯೆಂದು ಬರೆದಿಡಬೇಕು. ಆಮಂತ್ರಣದಲ್ಲಿಯೇ ಅತಿಥಿಗೆ ಏನು ಒಗ್ಗದೆಂದು ಕೇಳಬೇಕು. ಪೊಟ್ಟಣದ ಸಾಮಾನುಗಳನ್ನು ಓದದೆ ಬಳಸಬಾರದು. ಸೋಯಾ ಸಾಸಿನಲ್ಲಿ ಸಾಮಾನ್ಯವಾಗಿ ಗೋಧಿಯಿರುತ್ತದೆ. ನಮ್ಮ ಅಂಗಡಿಗಳಲ್ಲಿ ಸಿಗುವ ಇಂಗಿನಲ್ಲಿಯೂ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಅಕ್ಕಿ ಬೇಳೆಯ ಸಾರು ನಿರಪಾಯವೆಂದು ನಂಬುವ ನಮಗೂ ಇದು ತಿಳಿದಿರಬೇಕಾದ ವಿಷಯ.

ಹಣದ ಲೆಕ್ಕ

ಧರ್ಮಾರ್ಥ ಕೂಟದಲ್ಲಿ ರುಚಿಯಷ್ಟೇ ಮುಖ್ಯವಾದುದು ಲೆಕ್ಕ. ಬಾದಾಮಿ, ಜೇನು, ಸಾಮನ್ ಮೀನು ಗೋಧಿ ಸಕ್ಕರೆಗಳಂತೆ ಅಗ್ಗವಲ್ಲ. ಉದಾಹರಣೆಗೆ, 40 ಮಂದಿ ತಲಾ 10 ಪೌಂಡು ಕೊಟ್ಟು ಬಂದರೆಂದು ಇಟ್ಟುಕೊಳ್ಳೋಣ: ಒಟ್ಟು 400 ಪೌಂಡು. ಸಾಮಾನಿಗೆ 160 ಹೋದರೆ ಧರ್ಮಕ್ಕೆ ಉಳಿಯುವುದು 240 ಮಾತ್ರ. ಪ್ರತಿ ಗೃಹಿಣಿಯೂ ತನ್ನ ಖರ್ಚಿನಲ್ಲಿ ಒಂದೊಂದು ತಿಂಡಿ ಮಾಡಿ ತಂದರೆ 400 ಪೂರ್ತಿ ಸಲ್ಲುತ್ತದೆ. ಆಗಲೂ ಪ್ರತಿಯೊಬ್ಬರ ಅಡುಗೆಮನೆಯ ಶುದ್ಧಿಗೆ ಜಾಮೀನು ಯಾರು? ಆದುದರಿಂದ ಸಾಮಾನನ್ನು ಎಲ್ಲರೂ ಹಂಚಿಕೊಂಡು ಕೊಡುವುದು, ಅಡುಗೆಯನ್ನು ಒಂದೇ ಶುದ್ಧವಾದ ಮನೆಯಲ್ಲಿ ಮಾಡುವುದು ಉತ್ತಮವೆಂದು ನನ್ನ ಅಭಿಪ್ರಾಯ.

ಬ್ರಿಟನ್ನಿನಲ್ಲಿ 1990ರಿಂದ ‘ಗಿಫ್ಟ್ ಏಡ್’ ಎಂಬ ಏರ್ಪಾಡಿದೆ. ತೆರಿಗೆ ಕೊಡುವವನು ಧರ್ಮಸಂಸ್ಥೆಗೆ ಒಂದು ಪೌಂಡು ಕೊಟ್ಟರೆ ಸಂಸ್ಥೆಯು ಸರ್ಕಾರದಿಂದ ಇನ್ನೂ 25 ಪೆನ್ಸು ಪಡೆಯಬಹುದು. ಆದರೆ ತಿಂಡಿಗಾಗಿ ಕೊಟ್ಟ ಟಿಕೆಟಿನ ಹಣ ದಾನವೆನಿಸುವುದಿಲ್ಲ, ಮೇಜಿನ ಬಳಿಯ ಡಬ್ಬಿಗೆ ಹಾಗೆಯೇ ಕೊಟ್ಟದ್ದು ದಾನ. ಕೊಂಡದ್ದಕ್ಕೂ ಕೊಟ್ಟದ್ದಕ್ಕೂ ಇರುವ ಈ ವ್ಯತ್ಯಾಸವನ್ನು ಕಾನೂನು ಎಷ್ಟು ಚೆನ್ನಾಗಿ ಗುರುತಿಸಿದೆ!

ಇನ್ನು, ಕೂಡಿದ ಹಣ ಎಲ್ಲಿಗೆ ಹೋಗಬೇಕು? ಸೀಲಿಯಾಕ್ ರೋಗಿಗಳ ಸಂಘವೊಂದು ಬ್ರಿಟನ್ನಿನಲ್ಲಿ 1968ರಿಂದ ಇದೆ. ಅದನ್ನು ಸ್ಥಾಪಿಸಿದವರಲ್ಲಿ ಒಬ್ಬನಾದ ಪೀಟರ್ ಬೆನೆನ್ಸನ್, 1961ರಲ್ಲಿ ಆಮ್ನೆಸ್ಟಿ ಸಂಸ್ಥೆಯನ್ನು ಆರಂಭಿಸಿದವನೂ ಹೌದು. ಅವನಿಗೂ ಈ ರೋಗವಿತ್ತು. ಇನ್ನೊಂದು ದಾರಿಯೂ ಉಂಟು. ಆ ಸಿರಿವಂತ ದೇಶದಲ್ಲಿಯೂ ಹಸಿದವರಿಗೆ ಆಹಾರದ ಚೀಲ ಕೊಡುವ ಕೋಶಗಳು ಇವೆ. ಟ್ರಸೆಲ್ ಸಂಸ್ಥೆಯ ಮೊದಲನೆಯ ಕೋಶ 2000ರಲ್ಲಿ ಸಾಲ್ಸ್‌ಬರಿಯಲ್ಲಿ ತೆರೆಯಿತು. ಆ ಚೀಲದಲ್ಲಿ ಪಾಸ್ತಾ, ಬಿಸ್ಕತ್ತುಗಳಿದ್ದರೆ ಸೀಲಿಯಾಕ್ ರೋಗಿಗೆ ಅವುಗಳಿಂದೇನು ಪ್ರಯೋಜನ? ಗ್ಲೂಟೆನ್ ಇಲ್ಲದ ಬ್ರೆಡ್ಡಿನ ಬೆಲೆ ಮಾಮೂಲು ಬ್ರೆಡ್ಡಿಗಿಂತ ಹಲವು ಪಟ್ಟು ಹೆಚ್ಚು. ಪಥ್ಯವನ್ನು ಆರಿಸಿಕೊಂಡವನಿಗೆ ಕೊಳ್ಳುವ ಶಕ್ತಿಯಿದೆ. ಪಥ್ಯ ಯಾರ ಮೇಲೆ ತಾನಾಗಿ ಬಂದು ಬಿದ್ದಿದೆಯೋ ಆ ಬಡವನಿಗೆ ಇಲ್ಲ. ಬಾದಾಮಿ ಕೇಕಿನ ಮೇಜಿನಿಂದ ಎದ್ದ ಹಣ ಇಂಥವನ ಚೀಲಕ್ಕೆ ತಕ್ಕ ಬ್ರೆಡ್ಡಾಗಿ ಸೇರಿದರೆ ಆ ಕೂಟ ಸಾರ್ಥಕವಾದೀತು.

ಉಪಸಂಹಾರ

ಈ ಅಧ್ಯಯನದಿಂದ ನಾನು ಕಂಡುಕೊಂಡುದು ಇಷ್ಟು. ಎಲ್ಲರಿಗೂ ಒಂದೇ ತೆರನಾಗಿ ಬಡಿಸುವುದೇ ಸಮಾನತೆಯೆಂದು ನಾವು ಭಾವಿಸುತ್ತೇವೆ. ಪಂಕ್ತಿಯಲ್ಲಿ ಎಲೆ ಹಾಕಿಸಿಕೊಂಡು, ಬಡಿಸಿದ ಯಾವುದನ್ನೂ ಮುಟ್ಟಲಾರದೆ ಕುಳಿತವನ ಪಾಲಿಗೆ ಆ ಸಮಾನತೆಯಿಂದ ಬಂದ ಫಲವೇನು? ಪ್ರತಿಯೊಬ್ಬನೂ ತನ್ನ ಎಲೆಯಿಂದ ನಿರ್ಭಯವಾಗಿ ಉಂಡು ಏಳುವಂತೆ ಮಾಡುವುದೇ ನಿಜವಾದ ಸಮಾನತೆ. ಇದಕ್ಕೆ ಹಣಕ್ಕಿಂತ ಹೆಚ್ಚಾಗಿ ಬೇಕಾದುದು, ಮೊದಲೇ ಕೇಳಿ ತಿಳಿಯುವ ಸೌಜನ್ಯ ಮತ್ತು ಕೇಳಿದ್ದನ್ನು ನಂಬುವ ಮನಸ್ಸು.

ನಮ್ಮ ಕಾಲೇಜಿನಲ್ಲಿಯೂ ವಾರ್ಷಿಕೋತ್ಸವಕ್ಕೆ ತಿಂಡಿ ಹಂಚುತ್ತೇವೆ. ಸಹಾಯಾರ್ಥವಾಗಿ ತಿಂಡಿಯ ಅಂಗಡಿಗಳನ್ನು ಇಡುತ್ತೇವೆ. ಬಾದಾಮಿ ಕೇಕು ನಮಗೆ ಬೇಕಾಗಿಲ್ಲ. ಗೋಧಿ ಒಗ್ಗದವರಿಗೆ ರಾಗಿ, ಜೋಳ, ಅಕ್ಕಿ ನಮ್ಮ ಹೊಲಗಳಲ್ಲೇ ಇವೆ. ಬೇಕಾಗಿರುವುದು ಪ್ರತಿ ತಟ್ಟೆಯ ಮುಂದೆ ಒಂದು ಚೀಟಿ, ಪ್ರತಿ ಪಾತ್ರೆಗೆ ಒಂದು ಬೇರೆ ಸೌಟು, “ನಿಮಗೆ ಏನು ಒಗ್ಗುವುದಿಲ್ಲ?” ಎಂಬ ಒಂದು ಪ್ರಶ್ನೆ. ಮುಂದಿನ ವರ್ಷ ಈ ಕೆಲಸವನ್ನು ವಹಿಸಿಕೊಳ್ಳುವ ತಂಗಿ ತಮ್ಮಂದಿರು ಇಷ್ಟನ್ನು ನಡೆಸಿಕೊಟ್ಟರೆ ಈ ಲೇಖನ ಬರೆದ ನನ್ನ ಶ್ರಮ ಸಫಲವಾದಂತೆ.